ಎಲ್ಲರಲ್ಲೂ ಕಂಡ ಕಲೆ

ಬಾಯ್ಲರಿನ ಕೊಳವೆಗೂ ಜಾತಕ ಬರೆಯುತ್ತಾರೆ ಎಂದರೆ ಕೇಳಿದವರು ನಗುತ್ತಾರೆ. ಆದರೆ ಮಹಾನಂದಾ ಬಡಿಗೇರ ಹನ್ನೊಂದು ವರ್ಷ ಅನ್ನ ತಿಂದದ್ದೇ ಆ ಕೆಲಸದಿಂದ. ವಿದ್ಯುತ್ ಸ್ಥಾವರದಲ್ಲಿ ಹೊಸ ಕೊಳವೆ ಕೂಡಿಸಿದ ದಿನವೇ ಅದರ ಮೈಗೆ ಸಣ್ಣ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಕಿವಿಗೆ ಕೇಳಿಸದ ಶಬ್ದವನ್ನು ಒಂದು ತುದಿಯಿಂದ ಬಿಟ್ಟು, ಅದು ಇನ್ನೊಂದು ತುದಿಗೆ ಹೇಗೆ ಬಂದು ಮುಟ್ಟಿತೆಂದು ದಾಖಲೆ ಮಾಡಿಡಬೇಕು. ಅದನ್ನೇ ಅಲ್ಲಿಯವರು ಜಾತಕ ಎನ್ನುತ್ತಿದ್ದರು. ನಾಲ್ಕಾರು ವರ್ಷ ಕಳೆದ ಮೇಲೆ ಮತ್ತೆ ಶಬ್ದ ಬಿಟ್ಟು, ಬಂದ ಅಲೆಯಿಂದ ಜಾತಕದ ಅಲೆಯನ್ನು ಕಳೆದರೆ ಉಳಿಯುವುದು ಬದಲಾದದ್ದು ಮಾತ್ರ. ಬಿರುಕು ಬಿಟ್ಟಿದ್ದರೆ ಬಿರುಕು ಬೆಳ್ಳಗೆ ಕಾಣುತ್ತದೆ. ಏನೂ ಆಗಿಲ್ಲದಿದ್ದರೆ ಪರದೆ ಬರೀ ಕಪ್ಪು.

ಕೊಳವೆಗೆ ಆಗುವುದಾದರೆ ಮನುಷ್ಯನಿಗೆ ಯಾಕಾಗಬಾರದು ಎಂಬ ಪ್ರಶ್ನೆ ಅವಳ ತಲೆ ಹೊಕ್ಕದ್ದು ಹೇಗೋ, ಹೊಕ್ಕ ಮೇಲೆ ಹೊರಡಲಿಲ್ಲ. ಸ್ಥಾವರದ ಕೆಲಸ ಬಿಟ್ಟು ಹುಬ್ಬಳ್ಳಿಯ ಹೊರಗಿನ ತರಂಗ ತಪಾಸಣಾ ಕೇಂದ್ರ ಸೇರಿದಳು. ಆರು ವರ್ಷ ಹೆಣಗಾಡಿ ಒಂದು ಜಾಕೀಟು ಮಾಡಿದಳು. ಅದರ ಒಳಮೈಗೆಲ್ಲ ಬಿಲ್ಲೆಗಳು. ಹಾಕಿಕೊಂಡು ಮಲಗಿದರೆ ಆಯಿತು, ಎದೆಯಿಂದ ತೊಡೆಸಂದಿಯವರೆಗೆ ಒಳಗಿನ ಹುಳುಕೆಲ್ಲ ಹೊರಗೆ. ಸೂಜಿಯಿಲ್ಲ, ಕ್ಷ-ಕಿರಣವಿಲ್ಲ, ನೋವಿಲ್ಲ.

ತೊಡಕು ಒಂದೇ. ಕೊಳವೆ ಕಾರ್ಖಾನೆಯಿಂದ ಹೊಸದಾಗಿ ಬರುತ್ತದೆ. ಮನುಷ್ಯ ತಪಾಸಣೆಗೆ ಬರುವುದೇ ನಲವತ್ತು ದಾಟಿ, ಬೊಜ್ಜು ಬಂದು, ಮೊಣಕಾಲು ಹಿಡಿದ ಮೇಲೆ. ಅವನ ಹೊಸತನದ ದಾಖಲೆ ಎಲ್ಲಿಂದ ತರುವುದು? ಕೊನೆಗೆ ನಲವತ್ತು ಮಂದಿ ಆರೋಗ್ಯವಂತರನ್ನು ಆರಿಸಿ, ಅವರೆಲ್ಲರ ಅಲೆಗಳನ್ನು ಕೂಡಿಸಿ ಒಂದು ಸಾಮಾನ್ಯ ಜಾತಕ ಮಾಡುವುದೆಂದಾಯಿತು. ಬಂದವರ ಎತ್ತರ, ದಪ್ಪ ನೋಡಿ ಕಂಪ್ಯೂಟರ್ ಅದನ್ನು ಹಿಗ್ಗಿಸಿ ಕುಗ್ಗಿಸಿ ಕೂಡಿಸುತ್ತಿತ್ತು.

ಎಲ್ಲ ಅಂಗಗಳೂ ಒಲಿದವು, ಮೇದೋಜೀರಕ ಗ್ರಂಥಿಯೊಂದು ಬಿಟ್ಟು. ಗೇಣಿಗೂ ಕಡಿಮೆ ಉದ್ದದ ಆ ಅಂಗ ಜಠರದ ಹಿಂದೆ ಅಡ್ಡಡ್ಡ ಮಲಗಿರುತ್ತದೆ. ಜಠರದಲ್ಲಿ ಗಾಳಿಯಿದ್ದರೆ ಶಬ್ದ ಅಲ್ಲೇ ಚೆದುರಿಹೋಗುತ್ತದೆ. ಹುಬ್ಬಳ್ಳಿಯವರ ಹೊಟ್ಟೆಯಲ್ಲಿ ಗಾಳಿಯಿಲ್ಲದ ಹೊತ್ತು ಯಾವುದು? ಉಪವಾಸ ಬನ್ನಿ ಎಂದರೆ 'ಬರೇ ಚಾ ಕುಡದೀನ್ರಿ' ಎನ್ನುತ್ತಿದ್ದರು, ಅಷ್ಟರಲ್ಲಿ ಒಂದು ತೇಗು ಬಂದು ತಿಂದ ಗಿರ್ಮಿಟ್ಟಿನ ಸುದ್ದಿ ಹೇಳಿಬಿಡುತ್ತಿತ್ತು. ಅರ್ಧ ಲೀಟರ್ ನೀರು ಕುಡಿದು, ನಲವತ್ತು ಸೆಕೆಂಡ್ ಉಸಿರು ಬಿಗಿಹಿಡಿದು, ಅಲುಗಾಡದೆ ಮಲಗಬೇಕು. ತಪಾಸಣೆಗಾದರೆ ಅರೆಬರೆ ಮಾಡಿದರೂ ನಡೆಯುತ್ತಿತ್ತು, ಜಾತಕಕ್ಕೆ ಪೂರ್ತಿ ಆಗಬೇಕು; ಮೂವತ್ತೊಂಬತ್ತು ಮಂದಿಗೂ ಅದು ಆಗಲಿಲ್ಲ.

ಆದದ್ದು ನಲವತ್ತನೆಯವನಿಗೆ, ಅವಳ ಗಂಡ ಫಕ್ಕೀರಪ್ಪನಿಗೆ. ಅವನು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಮದುವೆ ಮೆರವಣಿಗೆಗಳಲ್ಲಿ ಇಪ್ಪತ್ತೈದು ವರ್ಷ ಊದಿ ಊದಿ ಎದೆ ಪಳಗಿತ್ತು. ಹುಡುಗರು ಅವನನ್ನು ಮಾಸ್ತರ್ ಎನ್ನುತ್ತಿದ್ದರು. ನೀರು ಕುಡಿದು ಮಲಗಿದವನು ಒಂದು ನಿಮಿಷ ಹತ್ತು ಸೆಕೆಂಡ್ ಮಿಸುಕಲಿಲ್ಲ.

"ಮುಗೀತೇನು?" ಎಂದು ಎದ್ದು ಕೂತ. "ನಾ ಇನ್ನೂ ಹಿಡೀತಿದ್ದೆ."

ಅಷ್ಟು ಸ್ವಚ್ಛವಾದ ದಾಖಲೆಯನ್ನು ಮಹಾನಂದಾ ಅದುವರೆಗೆ ಕಂಡಿರಲಿಲ್ಲ. ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಹಂಪಿಹೊಳಿ ಅವನ ರಕ್ತಪರೀಕ್ಷೆಗಳನ್ನೆಲ್ಲ ನೋಡಿ, ಮತ್ತೊಮ್ಮೆ ಅವಳನ್ನೇ ಕೇಳಿದರು. "ಇಪ್ಪತ್ತ ವರ್ಷದಾಗ ನಮ್ಮ ಮನೀಯವ್ರಿಗೆ ಒಂದ ನೆಗಡಿ ಬಂದದ್ದ ನೋಡಿಲ್ರಿ ಸರ್," ಎಂದಳು. ಹಾಗೆ ಆ ಗೇಣಳತೆಯ ಜಾಗಕ್ಕೆ ಫಕ್ಕೀರಪ್ಪನ ಅಲೆಯೇ ಊರಿಗೆಲ್ಲ ಜಾತಕವಾಯಿತು.

ಮರುವಾರವೇ ವಿಚಿತ್ರವೊಂದು ಶುರುವಾಯಿತು. ಪ್ರಯೋಗಕ್ಕೆಂದು ಬಂದವರ ಚಿತ್ರದಲ್ಲೆಲ್ಲ ಮೇದೋಜೀರಕದ ಬಾಲದ, ಎಂದರೆ ಎಡತುದಿಯ, ಹತ್ತಿರ ಒಂದು ಮಸುಕಾದ ಬಿಳಿ ಕಲೆ ಕಾಣಿಸತೊಡಗಿತು. ಮೊದಲನೆಯವರಲ್ಲಿ ಕಂಡಾಗ ಡಾಕ್ಟರು ಗಾಬರಿಯಾಗಿ ಅವರನ್ನು ಸಿಟಿ ಸ್ಕ್ಯಾನಿಗೆ ಕಳಿಸಿದರು. ಅಲ್ಲಿ ಏನೂ ಇಲ್ಲ. ಎರಡನೆಯವರಲ್ಲೂ ಅದೇ ಕಲೆ, ಅದೇ ಜಾಗ. ಸ್ಕ್ಯಾನಿನಲ್ಲಿ ಏನೂ ಇಲ್ಲ. ಇನ್ನೂರು ಮಂದಿ ಆಗುವಷ್ಟರಲ್ಲಿ ಎಲ್ಲರಲ್ಲೂ ಅದೇ ಕಲೆ. ಇಲ್ಲದವನು ಫಕ್ಕೀರಪ್ಪ ಒಬ್ಬನೇ. 'ಕಲೆ ಇಲ್ಲದ ಗಂಡಸು ಅಂದ್ರ ಮಾಸ್ತರು' ಎಂದು ಕೇಂದ್ರದ ಹುಡುಗಿಯರು ನಕ್ಕರು. ಅವನು ನೀರು ಕುಡಿದು ಅಲುಗದೆ ಮಲಗುತ್ತಾನೆ, ಉಳಿದವರಿಗೆ ಅದು ಬರುವುದಿಲ್ಲ, ಅದಕ್ಕೇ ಹೀಗೆ ಎಂದು ಮಹಾನಂದಾ ಸಮಾಧಾನ ಮಾಡಿಕೊಂಡಳು.

ಸ್ಥಾವರದಲ್ಲಿ ಅವಳಿಗೆ ಮೊದಲ ದಿನವೇ ಕಲಿಸಿದ್ದ ಪಾಠ ಒಂದಿತ್ತು. ಒಂದು ಕೊಳವೆಯಲ್ಲಿ ಗುರುತು ಕಂಡರೆ ಅದು ಕೊಳವೆಯ ದೋಷ. ಎಲ್ಲ ಕೊಳವೆಗಳಲ್ಲೂ ಒಂದೇ ಜಾಗದಲ್ಲಿ ಕಂಡರೆ ಅದು ಯಂತ್ರದ ದೋಷ. ಅದಕ್ಕೆ ಹೆದರಿ ಬಾಯ್ಲರ್ ನಿಲ್ಲಿಸಬಾರದು. ಹನ್ನೊಂದು ವರ್ಷದಲ್ಲಿ ಆ ಪಾಠ ಒಮ್ಮೆಯೂ ಸುಳ್ಳಾಗಿರಲಿಲ್ಲ. ಅವಳು ಅದನ್ನೇ ನಂಬಿ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದಳು: ಹೆಬ್ಬೆರಳಿನಷ್ಟು ಆ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಕಪ್ಪೆಂದೇ ತೋರಿಸು. ಡಾಕ್ಟರು ಸಹಿ ಹಾಕಿದರು. ಕಲೆ ಹೋಯಿತು, ಮೇಲಿನಿಂದ ಪರವಾನಗಿ ಬಂತು.

ಆಮೇಲಿನ ಐದು ತಿಂಗಳು ಕೇಂದ್ರದ ಮುಂದೆ ಮಂದಿಯೋ ಮಂದಿ. ಗದಗಿನಿಂದ, ನವಲಗುಂದದಿಂದ ಟೆಂಪೋ ಮಾಡಿಕೊಂಡು ಬಂದರು. ಕನ್ಯೆ ನೋಡಲು ಹೋದವರು ಉಪ್ಪಿಟ್ಟು ತಿನ್ನುತ್ತ 'ಜಾಕೀಟಿನ ರಿಪೋರ್ಟ್ ಆಗೇತೇನ್ರಿ?' ಎಂದು ಕೇಳುವಷ್ಟಕ್ಕೆ ಬಂತು. ಯಾರದೋ ಪಿತ್ತಕೋಶದ ಹರಳು, ಯಾರದೋ ಮೂತ್ರಪಿಂಡದ ಗಂಟು ಸಮಯಕ್ಕೆ ಸರಿಯಾಗಿ ಸಿಕ್ಕವು. ಒಟ್ಟು ಒಂಬೈನೂರ ನಲವತ್ತು ಮಂದಿಯನ್ನು ನೋಡಿದರು. ಒಬ್ಬೊಬ್ಬರ ಮೂಲ ದಾಖಲೆಯೂ ಕಂಪ್ಯೂಟರಿನಲ್ಲಿ ಬಹಳ ಜಾಗ ತಿನ್ನುತ್ತಿದ್ದುದರಿಂದ ತಿಂಗಳಿಗೊಮ್ಮೆ ಹಳೆಯದನ್ನು ಅಳಿಸಿ, ಕಳೆದು ಉಳಿದ ಚಿತ್ರವನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು.

ಮನೆಯಲ್ಲಿ ಫಕ್ಕೀರಪ್ಪನ ಬ್ಯಾಂಡಿನ ಕೆಂಪು ಕೋಟು ಸಡಿಲವಾಗುತ್ತ ಬಂದಿತ್ತು. ದರ್ಜಿಯ ಹತ್ತಿರ ಎರಡು ಸಲ ಹಿಡಿಸಿ ತಂದ. ಊಟಕ್ಕೆ ಕೂತರೆ ಒಂದೇ ರೊಟ್ಟಿ.

"ಯಾಕ್ರಿ, ಯಾರದರ ಮದುವ್ಯಾಗ ಮದುಮಗ ಆಗಿ ಕೂಡ್ರವರ ಇದ್ದೀರೇನು, ಹಿಂಗ ಸಣ್ಣಾಗಾಕತ್ತೀರಿ?" ಎಂದು ಕಾಡಿಸಿದಳು.

"ವಯಸ್ಸಾತಲ್ಲ. ಹಸಿವಿ ಕಮ್ಮಿ," ಎಂದ. ಬೆನ್ನು ನೋಯುತ್ತದೆ ಎಂದು ಒಂದೆರಡು ಸಲ ಅಂದದ್ದುಂಟು. ಮೆರವಣಿಗೆಯಲ್ಲಿ ಮೂರು ಮೂರು ತಾಸು ನಿಂತು ಊದುವವನಿಗೆ ಬೆನ್ನು ನೋಯದೆ ಇನ್ನೇನು? ಆದರೂ ಹೋದ ತಿಂಗಳು ಅವನನ್ನು ಕರೆದೊಯ್ದು ತಾನೇ ಜಾಕೀಟು ತೊಡಿಸಿ ನೋಡಿದ್ದಳು. ಪರದೆ ಕಪ್ಪು. ಕೇಂದ್ರದಲ್ಲಿ ಅಷ್ಟು ನಿಚ್ಚಳ ಕಪ್ಪು ಯಾರದೂ ಇರಲಿಲ್ಲ. ಅದನ್ನು ಮನೆಗೆ ತಂದು ಅತ್ತೆಗೂ ತೋರಿಸಿದ್ದಳು.

ಕಾಶವ್ವ ಎಂಬ ಬಳೆಗಾರ್ತಿ ಆ ಕೇಂದ್ರಕ್ಕೆ ಎರಡು ಸಲ ಬಂದು ಹೋಗಿದ್ದಳು. ಎರಡು ಸಲವೂ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದರು. ಮೂರನೆಯ ಸಲ ಬಂದಾಗ ಅವಳ ಕೈಯಲ್ಲಿ ಬೇರೆ ಆಸ್ಪತ್ರೆಯ ಲಕೋಟೆ ಇತ್ತು. ಮಧ್ಯಾಹ್ನದ ಊಟದ ಹೊತ್ತು. ಮಹಾನಂದಾ ಒಬ್ಬಳೇ ಇದ್ದಳು.

"ನೀವು ಏನೂ ಇಲ್ಲ ಅಂದ್ರಿ ಅಕ್ಕಾರ. ಅವರು ಗಡ್ಡಿ ಐತಿ ಅಂತಾರ," ಎಂದಳು ಕಾಶವ್ವ. ಜಗಳಕ್ಕೆ ಬಂದವಳ ಹಾಗಿರಲಿಲ್ಲ ಅವಳು. "ನಾ ಓದಿಲ್ರಿ. ಯಾರದ ಖರೇ ಅಂತ ನೀವ ಒಂದಿಷ್ಟ ನೋಡಿ ಹೇಳ್ರಿ."

ಲಕೋಟೆಯೊಳಗಿನ ಚಿತ್ರದಲ್ಲಿ ಗಡ್ಡೆ ಸಣ್ಣದಾದರೂ ಕಣ್ಣಿಗೆ ಹೊಡೆಯುವಂತಿತ್ತು, ಮೇದೋಜೀರಕದ ಬಾಲದಲ್ಲಿ. ಮಹಾನಂದಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಷ್ಟು ಜಾಗ ಮುಚ್ಚಿದ್ದು ನೆನಪಾಗಿ, ಮುಚ್ಚಬಾರದಿತ್ತೇನೋ ಎಂದು ಮೊದಲ ಸಲ ಅನ್ನಿಸಿತು. ಕಾಶವ್ವನ ಎರಡನೆಯ ತಪಾಸಣೆಗೆ ಮೂರು ವಾರವಷ್ಟೇ ಆಗಿದ್ದರಿಂದ ಮೂಲ ದಾಖಲೆ ಇನ್ನೂ ಇತ್ತು. ಪ್ರೋಗ್ರಾಮಿನಿಂದ ಆ ಎರಡು ಸಾಲು ತೆಗೆದು ಮತ್ತೆ ಓಡಿಸಿದಳು. ಎಲ್ಲರಲ್ಲೂ ಇದ್ದ ಕಲೆಯ ಜೊತೆಗೆ ಇವಳ ಗಡ್ಡೆಯೂ ಸೇರಿ ದೊಡ್ಡ ಬಿಳುಪು ಕಾಣಬೇಕಿತ್ತು.

ಕಾಣಲಿಲ್ಲ. ಕಲೆಯೇ ಇರಲಿಲ್ಲ. ಹೆಚ್ಚುಕಡಿಮೆ ಬರೀ ಕಪ್ಪು.

ಗಡ್ಡೆ ಇರುವವಳ ಚಿತ್ರ ಸ್ವಚ್ಛ, ಗಡ್ಡೆ ಇಲ್ಲದವರ ಚಿತ್ರದಲ್ಲಿ ಕಲೆ. ಮಹಾನಂದಾ ಪರದೆಯನ್ನೇ ನೋಡುತ್ತ ಕೂತಳು. ಜಾತಕದಲ್ಲಿಲ್ಲದ್ದು ಮೈಯಲ್ಲಿದ್ದರೆ ಕಲೆ ಬೀಳುತ್ತದೆ, ಸರಿ. ಜಾತಕದಲ್ಲಿ ಇದ್ದದ್ದು ಮೈಯಲ್ಲಿ ಇಲ್ಲದಿದ್ದರೂ ಕಲೆ ಬೀಳುತ್ತದೆ. ಕಳೆಯುವ ಲೆಕ್ಕಕ್ಕೆ ಎರಡೂ ಒಂದೇ. ಹಾಗಾದರೆ ಇನ್ನೂರು ಮಂದಿಯಲ್ಲಿ ಕಂಡದ್ದು ಇನ್ನೂರು ಮಂದಿಯಲ್ಲಿ ಇಲ್ಲದ್ದು. ಅದು ಇದ್ದದ್ದು ಜಾತಕದಲ್ಲಿ. ಆ ಜಾಗದ ಜಾತಕ ಯಾರದು?

ಕಲೆ ಇಲ್ಲದವರು ಇಬ್ಬರೇ. ಕಾಶವ್ವ ಮತ್ತು ಫಕ್ಕೀರಪ್ಪ.

ಅವಳು ಗಂಡನ ಹದಿನಾಲ್ಕು ತಿಂಗಳ ಹಿಂದಿನ ದಾಖಲೆಯನ್ನು ಏನನ್ನೂ ಕಳೆಯದೆ ಹಾಗೆಯೇ ಬಿಡಿಸಿದಳು. ಬಾಲದ ಹತ್ತಿರ ಜೋಳದ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಅಳಿಸದೆ ಇಟ್ಟುಕೊಂಡಿದ್ದ ಹೋದ ತಿಂಗಳಿನದನ್ನು ಬಿಡಿಸಿದಳು. ಹುಣಸೆಬೀಜದಷ್ಟು. ತಾನು ಕಟ್ಟಿದ ಯಂತ್ರ ಇನ್ನೂರು ಸಲ ಒಂದೇ ಮಾತು ಹೇಳಿತ್ತು, ಇವರಲ್ಲಿಲ್ಲ, ಅವನಲ್ಲಿದೆ ಎಂದು. ತಾನೇ ಅದರ ಬಾಯಿ ಮುಚ್ಚಿಸಿದ್ದಳು. ಕಾಶವ್ವ ಎದುರಿಗೇ ಕೂತಿದ್ದಾಳೆಂಬುದನ್ನೂ ಮರೆತು ಮಹಾನಂದಾ ಮೇಜಿಗೆ ಹಣೆ ಹಚ್ಚಿ ಅತ್ತಳು.

"ಅಳಬ್ಯಾಡ್ರಿ ಅಕ್ಕಾರ," ಎಂದಳು ಕಾಶವ್ವ, ತನಗಾಗಿ ಅಳುತ್ತಿದ್ದಾಳೆಂದುಕೊಂಡು. "ಆಪ್ರೇಶನ್ ಮಾಡ್ತೇವಂತ ಹೇಳ್ಯಾರ."

ಫಕ್ಕೀರಪ್ಪನಿಗೆ ಆಪರೇಶನ್ನೂ ಆಗುವಂತಿರಲಿಲ್ಲ. ನಾಲ್ಕು ದಿನದ ಮೇಲೆ ಸಿಟಿ ಸ್ಕ್ಯಾನ್ ನೋಡಿ ಡಾಕ್ಟರ್ ಹಂಪಿಹೊಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಡ್ಡೆ ದೊಡ್ಡ ರಕ್ತನಾಳಕ್ಕೆ ಸುತ್ತಿಕೊಂಡಿತ್ತು. ಔಷಧ ಕೊಟ್ಟರೆ ಮೂರು ತಿಂಗಳು, ಬಹಳವೆಂದರೆ ನಾಲ್ಕು.

"ಮಷೀನು ಇವತ್ತ ಬಂದ್ ಮಾಡಸ್ತೀನಿ. ಮ್ಯಾಲಿನವ್ರಿಗೆ ಎಲ್ಲಾ ಇದ್ದದ್ದು ಇದ್ದಂಗ ಬರೀತೀನಿ, ನನ್ನ ಸಹೀನೂ ಐತಿ ಅದರಾಗ," ಎಂದರು. ಆಮೇಲೆ ದನಿ ತಗ್ಗಿಸಿದರು. "ಆದ್ರ ಅದು ಆಫೀಸಿನ ಮಾತು ಮಹಾನಂದಾ. ಮಾಸ್ತರಿಗೆ ರೋಗದ್ದಷ್ಟ ಹೇಳ್ರಿ. ಇರೂವಷ್ಟ ದಿನ ನಿಮ್ಮ ಮ್ಯಾಲಿನ ನಂಬಿಗಿ ಯಾಕ ಕಸಕೋತೀರಿ?"

ಆ ಮಾತಿನಲ್ಲಿ ಕರುಣೆಯಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಹಿಡಿದುಕೊಂಡಳು. ರೋಗದ್ದಷ್ಟೇ ಹೇಳಿದರೆ ಸಾಕು, ಅವನು ಅವಳ ಹೆಗಲಿಗೆ ತಲೆಯಿಟ್ಟು ಹೋಗುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಹಾಗೆಯೇ ಮಾಡುವುದೆಂದು ನಿರ್ಧರಿಸಿಯೂ ಇದ್ದಳು.

ಫಕ್ಕೀರಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಕ್ಲಾರಿನೆಟ್ಟಿನ ತುಂಡುಗಳನ್ನು ಬಿಚ್ಚಿ ಒರೆಸುತ್ತಿದ್ದ. ಅವಳು ಪಕ್ಕದಲ್ಲಿ ಕೂತು ರೋಗದ ಹೆಸರು ಹೇಳಿದಳು, ತಿಂಗಳ ಲೆಕ್ಕವನ್ನೂ ಹೇಳಿದಳು. ಅವನು ಬಟ್ಟೆ ಮಡಚಿಟ್ಟ.

"ಹೋದ ತಿಂಗಳ ನೋಡಿದ್ಯಲ್ಲ, ಏನೂ ಇರಲಿಲ್ಲ," ಎಂದ. "ಇಷ್ಟ ಲಗೂ ಬೆಳೀತೈತೇನು ಇದು?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನ ಮುಖ ನೋಡಿದಳು. ಆ ಮುಖಕ್ಕೆ ಇಪ್ಪತ್ತು ವರ್ಷದಲ್ಲಿ ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಎಲ್ಲವನ್ನೂ ಹೇಳಿದಳು. ಜಾತಕ, ಕಲೆ, ತಾನು ಬರೆದ ಎರಡು ಸಾಲು, ಒಂದನ್ನೂ ಬಿಡಲಿಲ್ಲ.

"ನೀ ಮೊದಲನೇ ಸಲ ನನ್ನ ಮಲಗಿಸಿದ್ಯಲ್ಲ," ಎಂದ ಫಕ್ಕೀರಪ್ಪ, "ಅವಾಗ ಎಷ್ಟಿತ್ತು?"

"ಜ್ವಾಳದ ಕಾಳಿನಷ್ಟ."

"ಅವಾಗ ತಗದಿದ್ರ ನಾ ಉಳೀತಿದ್ದೆ?"

"ಹೌದ್ರಿ."

ಅವನು ಎದ್ದು ಒಳಗೆ ಹೋದ. ಕ್ಲಾರಿನೆಟ್ಟಿನ ತುಂಡುಗಳು ಕಟ್ಟೆಯ ಮೇಲೆಯೇ ಉಳಿದವು. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಬಡಿಸಿದರೆ ತಾಯಿಯ ಕಡೆ ತಿರುಗಿ ಬೇಕು ಬೇಡ ಹೇಳುತ್ತಿದ್ದ. ಬೈದಿದ್ದರೆ, ಎರಡೇಟು ಹಾಕಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಅವನು ಆ ಹಗುರವನ್ನೂ ಕೊಡಲಿಲ್ಲ.

ಇತ್ತ ಕೇಂದ್ರದಿಂದ ಒಂಬೈನೂರ ನಲವತ್ತು ಮಂದಿಯ ಮೊಬೈಲಿಗೂ ಅಂದೇ ಪತ್ರ ಹೋಯಿತು. ಯಂತ್ರದಲ್ಲಿ ಲೋಪವಿದೆ, ಮರುತಪಾಸಣೆಗೆ ಬನ್ನಿ, ಬೇರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಡುತ್ತೇವೆ. ಬರುತ್ತೇವೆಂದವರು ಬರೀ ನೂರಾ ಇಪ್ಪತ್ತು. ಉಳಿದವರಿಗೆ ಮಹಾನಂದಾ ಮನೆಯಿಂದಲೇ ಫೋನ್ ಮಾಡುತ್ತ ಕೂತಳು.

"ಒಮ್ಮೆ ಏನೂ ಇಲ್ಲ ಅಂತೀರಿ, ಒಮ್ಮೆ ಬರ್ರಿ ಅಂತೀರಿ. ನಮ್ಮನ್ನೇನ ಇಲಿ ಅಂತ ತಿಳದೀರೇನು?" ಎಂದು ಒಬ್ಬರು ಕಡಿದುಹಾಕಿದರು. ಮಗಳ ಮದುವೆ ಗೊತ್ತಾಗಿದೆ, ಈಗ ಆಸ್ಪತ್ರೆ ಹತ್ತಿದರೆ ಬೀಗರು ಏನಂದಾರು ಎಂದು ಇನ್ನೊಬ್ಬರು. ಅವಳಿಗೆ ಮುಂದೆ ಮಾತು ಹೊರಡುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹಾಗೆ ಮಾತು ಸಿಕ್ಕಿಬಿದ್ದಾಗ ಹಿಂದಿನಿಂದ ಒಂದು ಕೈ ಬಂದು ಫೋನ್ ತೆಗೆದುಕೊಂಡಿತು.

"ನಮಸ್ಕಾರ್ರಿ. ನಾ ಆ ಮಷೀನ್ ಮಾಡಿದಾಕಿ ಗಂಡ ರೀ, ಫಕ್ಕೀರಪ್ಪ," ಎಂದ. "ನನಗೂ ಏನೂ ಇಲ್ಲ ಅಂತ ಬಂದಿತ್ತು. ಆದ್ರ ಐತಿ. ನನಗ ತಡಾ ಆತ್ರಿ. ನಿಮಗ ಆಗಬಾರದು, ಒಂದ ಸಲ ಬಂದ ಹೋಗ್ರಿ."

ಆ ಕಡೆಯವರು ಏನೋ ಕೇಳಿದರು. ಅವನು ಹೂಂ ಅಂದ, ಮೂರು ತಿಂಗಳು ಅಂದ, ಇಲ್ರಿ ನೋವು ಅಷ್ಟೇನಿಲ್ಲ ಅಂದ. ಫೋನ್ ಕೆಳಗಿಟ್ಟು, "ಮುಂದಿನ ನಂಬರ್ ಹೇಳು," ಎಂದ ಮಹಾನಂದಾಳಿಗೆ. ಎರಡು ದಿನದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ಅಂದಿನಿಂದ ಅದೇ ಅವನ ಕೆಲಸವಾಯಿತು. ಬೆಳಿಗ್ಗೆ ಗಂಜಿ ಕುಡಿದು ಕೂತರೆ ಊಟದ ಹೊತ್ತಿನವರೆಗೆ ಇಪ್ಪತ್ತು, ಇಪ್ಪತ್ತೈದು ಮಂದಿ. ಅವಳು ಹೆಸರು ಓದುವುದು, ಅವನು ಮಾತಾಡುವುದು. ಕೇಂದ್ರದ ಪತ್ರಕ್ಕೆ ಅಲುಗದವರು ಈ ದನಿಗೆ ಹೊರಟು ಬಂದರು. ಒಬ್ಬೊಬ್ಬರು ಅವನ ಕಷ್ಟಸುಖ ವಿಚಾರಿಸಿಕೊಂಡು ಹತ್ತು ಹತ್ತು ನಿಮಿಷ ಕೂತುಬಿಡುತ್ತಿದ್ದರು. ಐದನೆಯ ವಾರದ ಹೊತ್ತಿಗೆ ಮೂವರಲ್ಲಿ ಗಡ್ಡೆ ಸಿಕ್ಕಿತು, ಮೂರೂ ಸಣ್ಣವು. ಡಾಕ್ಟರು ಸುದ್ದಿ ಹೇಳಿದಾಗ ಫಕ್ಕೀರಪ್ಪ, "ಛಲೋ ಆತು," ಎಂದಷ್ಟೇ ಹೇಳಿ ಗೋಡೆಯ ಕಡೆ ಮಗ್ಗುಲಾದ.

ದಿನ ಕಳೆದಂತೆ ಒಂದು ದಮ್ಮಿಗೆ ಹೇಳುತ್ತಿದ್ದ ಮಾತು ಎರಡಾಯಿತು, ಮೂರಾಯಿತು. ಹದಿನೈದು ಮಂದಿ, ಹತ್ತು, ಆಮೇಲೆ ನಾಲ್ಕು. ನಾನೇ ಮಾತಾಡುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಇಷ್ಟು ದಿನದಲ್ಲಿ ಯಾರಿಗೂ, ಒಬ್ಬರಿಗೂ ಅವನು ಯಾಕೆ ತಡವಾಯಿತೆಂದು ಹೇಳಿರಲಿಲ್ಲ. 'ಮಷೀನ್ದು ಏನೋ ತಪ್ಪಾಗಿತ್ರಿ' ಎನ್ನುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಪಟ್ಟಿ ನೋಡುತ್ತ ಅದನ್ನು ಕೇಳುತ್ತಿದ್ದಳು. ಅವನು ಅವಳನ್ನು ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ. ಅವಳಿಗೆ ಕೇಳುವ ಧೈರ್ಯವೂ ಬರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವನು ತೀರಿಕೊಂಡ. ಬ್ಯಾಂಡ್ ಕಂಪನಿಯವರೆಲ್ಲ ಬಂದು ಊದದೆ ಸುಮ್ಮನೆ ಹಿಂದೆ ನಡೆದರು. ಪಟ್ಟಿಯಲ್ಲಿ ಇನ್ನೂ ನಲವತ್ತೊಂದು ಹೆಸರುಗಳಿದ್ದವು. ಕೆಲವರು ಬರುತ್ತೇವೆಂದು ಅವನಿಗೆ ಮಾತುಕೊಟ್ಟು ಬಾರದವರು, ಉಳಿದವರು ಇನ್ನೂ ಫೋನೇ ಹೋಗದವರು.

ಮುಂದಿನ ಸೋಮವಾರ ಅತ್ತೆ ಬೇಡವೆಂದರೂ ಮಹಾನಂದಾ ಪಟ್ಟಿ ತೆಗೆದುಕೊಂಡು ಕೂತಳು. ಮೊದಲನೆಯದು ನವಲಗುಂದದ ಒಬ್ಬ ಹೆಂಗಸಿನ ನಂಬರು. ಆಕೆಗೆ ಫಕ್ಕೀರಪ್ಪನ ಮಾತು ನೆನಪಿತ್ತು.

"ಬರಬೇಕಂತ ಮಾಡೇನ್ರಿ, ಬಿತ್ತಗಿ ಬಂತು, ಆಗಲಿಲ್ಲ," ಎಂದಳು ಆಕೆ. "ಅವತ್ತ ಒಬ್ರು ಮಾತಾಡಿದ್ರಲ್ರಿ, ಭಾಳ ಛಲೋ ಮಾತಾಡಿದ್ರು. ಈಗ ಹೆಂಗದಾರ್ರಿ ಅವರು?"

"ಹೋದ ಸೋಮವಾರ ತೀರಕೊಂಡ್ರು ರೀ."

"ಅಯ್ಯ ಶಿವನ," ಎಂದಳು ಆಕೆ. ಆಮೇಲೆ, "ನೀವು ಅವರಿಗೆ ಏನಾಗಬೇಕ್ರಿ?" ಎಂದು ಕೇಳಿದಳು.

"ಹೆಂಡ್ತಿ ರೀ. ಆ ಮಷೀನ್ ಮಾಡಿದಾಕಿ ನಾನ ರೀ," ಎಂದಳು ಮಹಾನಂದಾ. ಅವನು ಏಳೆಂಟು ನೂರು ಸಲ ಹೇಳದೆ ಬಿಟ್ಟದ್ದನ್ನು ಹೇಳಿದಳು. "ಅವರಿಗೆ ತಡಾ ಆಗಿದ್ದು ನನ್ನಿಂದ ರೀ. ನೀವು ತಡಾ ಮಾಡಬ್ಯಾಡ್ರಿ, ಬರ್ರಿ."